ಉಳಿ ಹಿಡಿಯುವ ಹಕ್ಕು: ಶಿವಾರಪಟ್ಟಣದ ಶಿಲ್ಪವೃತ್ತಿಯಲ್ಲಿ ಪ್ರವೇಶ, ನೇಮ ಮತ್ತು ಸಂಭಾವನೆ

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿಗೆ ಸೇರಿದ ಶಿವಾರಪಟ್ಟಣವು ಕಲ್ಲಿನ ಮೂರ್ತಿಗಳಿಗೆ ಹೆಸರಾದ ಊರು. ಇಲ್ಲಿ ಕೃಷ್ಣಶಿಲೆಯಲ್ಲಿ ಕೆತ್ತಿದ ವಿಗ್ರಹಗಳು ನಾಡಿನ ಹಾಗೂ ಹೊರನಾಡಿನ ಅನೇಕ ಗರ್ಭಗುಡಿಗಳನ್ನು ಸೇರಿವೆ. ಊರಿನ ಶಿಲ್ಪಪರಂಪರೆಯನ್ನು ಕೋಲಾರದಿಂದ ಆಳಿದ ಗಂಗರ ಕಾಲದೊಡನೆ ಜೋಡಿಸುವ ಹೇಳಿಕೆ ಸ್ಥಳೀಯವಾಗಿ ಪ್ರಚಲಿತವಾಗಿದೆ. ಇಂತಹ ಶಿಲ್ಪಕೇಂದ್ರಗಳ ಪ್ರಾಚೀನತೆಯನ್ನು ಕುರಿತೂ ಅಲ್ಲಿನ ಮೂರ್ತಿಗಳ ಲಕ್ಷಣಗಳನ್ನು ಕುರಿತೂ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಶಿಲ್ಪವನ್ನು ಒಂದು ಉದ್ಯೋಗವೆಂದು ಭಾವಿಸಿ, ಅದು ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಒಳಗೆ ಬಂದವನಿಂದ ಏನನ್ನು ಕೇಳುತ್ತದೆ, ದುಡಿದವನಿಗೆ ಏನನ್ನು ಕೊಡುತ್ತದೆ ಎಂದು ವಿಚಾರಿಸಿದ್ದು ಕಡಿಮೆ. ಈ ಮೂರು ಪ್ರಶ್ನೆಗಳಲ್ಲಿಯೂ ಧರ್ಮವು ಬೇರೆ ಬೇರೆ ರೀತಿಯಲ್ಲಿ ಬೆರೆತಿದೆ. ಆ ಬೆರಕೆಯಲ್ಲಿ ಕೆಲಸಕ್ಕೆ ಅಗತ್ಯವಾದ ಭಾಗ ಯಾವುದು, ಬಾಗಿಲು ಮುಚ್ಚಲು ಬಳಕೆಯಾಗುವ ಭಾಗ ಯಾವುದು ಎಂಬ ವಿವೇಚನೆ ಇಂದು ಅನಿವಾರ್ಯವಾಗಿದೆ. ಏಕೆಂದರೆ ಸರ್ಕಾರದ ತರಬೇತಿ, ಸಾಲ, ಗುರುತಿನ ಚೀಟಿಗಳೆಲ್ಲ ಈ ವಿವೇಚನೆಯನ್ನೇ ಆಧರಿಸಿವೆ.

ಕಸುಬಿನ ಊರುಗಳಲ್ಲಿ ಹೊಸಬನೊಬ್ಬ ಕೆಲಸ ಕೇಳಿ ಬಂದಾಗ ಎದುರಾಗುವ ಮೊದಲ ಪ್ರಶ್ನೆ ‘ಯಾರ ಮಗನಪ್ಪ ನೀನು?’ ಎಂಬುದು. ಇದನ್ನು ಬರಿಯ ಕುಶಲಪ್ರಶ್ನೆಯೆಂದು ತಿಳಿಯಲಾಗದು. ವಿಶ್ವಕರ್ಮ ಸಮುದಾಯವು ಮನು, ಮಯ, ತ್ವಷ್ಟೃ, ಶಿಲ್ಪಿ, ವಿಶ್ವಜ್ಞರೆಂಬ ಐವರು ಮೂಲಪುರುಷರಿಂದ ತನ್ನನ್ನು ಗುರುತಿಸಿಕೊಳ್ಳುತ್ತದೆ. ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ ಎಂಬ ಐದು ಕಸುಬುಗಳು ಆ ಐವರ ಹೆಸರಿನಲ್ಲಿ ಹಂಚಿಕೆಯಾಗಿವೆ. ಹೀಗೆ ವಂಶ, ದೈವ, ಕಸುಬು ಮೂರೂ ಒಂದೇ ಕಥನದಲ್ಲಿ ಹೆಣೆದುಕೊಂಡಿರುವಲ್ಲಿ ತಂದೆಯ ಹೆಸರನ್ನು ಕೇಳುವುದೆಂದರೆ ಅರ್ಹತೆಯನ್ನು ಕೇಳಿದಂತೆಯೇ. ಕಲಿಯಲು ಬಂದ ಹುಡುಗನ ಕೈಗೆ ನೇರವಾಗಿ ಕಲ್ಲು ಸಿಗುವುದಿಲ್ಲ. ಉಳಿ ಚೂಪು ಮಾಡುವುದು, ಒರಟುಗಲ್ಲನ್ನು ಮಟ್ಟ ಮಾಡುವುದು, ಹಿರಿಯರು ಕೆತ್ತಿದ್ದನ್ನು ಉಜ್ಜಿ ನಯಗೊಳಿಸುವುದು ಇವೇ ಆರಂಭದ ಕೆಲಸಗಳು. ರೇಖೆ ಎಳೆಯಲು ಕಲಿತು, ನವತಾಲ ದಶತಾಲಗಳ ಅಳತೆ ಮನಸ್ಸಿನಲ್ಲಿ ನಿಂತ ಮೇಲೆಯೇ ಮೂರ್ತಿಯ ಮುಖಕ್ಕೆ ಅವನ ಉಳಿ ತಾಗುತ್ತದೆ. ಶಿಲ್ಪಿಯ ಮನೆಯಲ್ಲಿ ಹುಟ್ಟಿದವನು ಇದನ್ನೆಲ್ಲ ಆಟವಾಡುತ್ತಲೇ ಕಲಿತಿರುತ್ತಾನೆ. ಹೊರಗಿನಿಂದ ಬಂದವನಿಗೆ ಅಷ್ಟು ವರ್ಷಗಳ ಅನ್ನ ಹಾಕುವವರಾರು? ವಂಶದ ಪ್ರಶ್ನೆಯ ಹಿಂದೆ ಇಂತಹ ಆರ್ಥಿಕ ಲೆಕ್ಕವೂ ಅಡಗಿದೆ ಎಂಬುದನ್ನು ಮರೆಯಬಾರದು.

ಎರಡನೆಯದು ನೇಮ. ಪೂಜೆಗೊಳ್ಳುವ ಮೂರ್ತಿಯನ್ನು ಕೆತ್ತುವವನು ಮಿಂದು ಮಡಿಯಾಗಿ ಕೂರಬೇಕು, ದೇವತೆಯ ಧ್ಯಾನಶ್ಲೋಕವನ್ನು ಅರಿತಿರಬೇಕು, ಒಳ್ಳೆಯ ಗಳಿಗೆಯಲ್ಲಿ ಆರಂಭಿಸಬೇಕು ಎಂಬ ಕಟ್ಟುಪಾಡುಗಳಿವೆ. ಕಲ್ಲಿನ ಆಯ್ಕೆಯೂ ಹಾಗೆಯೇ. ತಟ್ಟಿದಾಗ ಹೊರಡುವ ನಾದವನ್ನು ಆಲಿಸಿ ಪುರುಷಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಂಗಡಿಸುತ್ತಾರೆ. ಮೊದಲನೆಯದು ದೇವರ ಮೂರ್ತಿಗೆ, ಎರಡನೆಯದು ದೇವಿಗೆ ಮತ್ತು ಪೀಠಕ್ಕೆ, ಮೂರನೆಯದು ತಳಪಾಯಕ್ಕೆ. ಈ ಮಾತು ಧಾರ್ಮಿಕ ಪರಿಭಾಷೆಯಲ್ಲಿದ್ದರೂ ಅದರ ಕೆಲಸ ಪೂರ್ತಿ ತಾಂತ್ರಿಕವಾದುದು. ಒಳಗೆ ಬಿರುಕಿರುವ ಕಲ್ಲು ಗಂಟೆಯಂತೆ ನಾದ ಕೊಡುವುದಿಲ್ಲ. ಧ್ಯಾನಶ್ಲೋಕವೂ ಅಷ್ಟೆ: ಎಷ್ಟು ಕೈ, ಯಾವ ಕೈಯಲ್ಲಿ ಯಾವ ಆಯುಧ, ಯಾವ ಭಂಗಿ ಎಂಬುದನ್ನು ತಪ್ಪದೆ ನೆನಪಿಡುವ ಉಪಾಯ ಅದು. ನೇಮವನ್ನು ಯಾರು ಬೇಕಾದರೂ ಕಲಿತು ಪಾಲಿಸಬಹುದು. ವಂಶವನ್ನು ಕಲಿಯಲು ಬರುವುದಿಲ್ಲ. ರೂಢಿಯಲ್ಲಿ ಇವೆರಡನ್ನೂ ಒಂದೇ ಹೆಸರಿನಿಂದ, ‘ಸಂಪ್ರದಾಯ’ ಎಂದು ಕರೆಯುವುದರಿಂದಲೇ ಗೊಂದಲ ಹುಟ್ಟುತ್ತದೆ.

ಜನಪದ ಕಥನವು ಈ ಗೊಂದಲವನ್ನು ಬಹಳ ಹಿಂದೆಯೇ ಕೈಗೆತ್ತಿಕೊಂಡಿರುವುದು ಗಮನಾರ್ಹ. ಜಕಣಾಚಾರಿಯ ಐತಿಹ್ಯವನ್ನು ಕೇಳದ ಕನ್ನಡಿಗರಿಲ್ಲ. ಬೇಲೂರಿನಲ್ಲಿ ದೇವರ ಮೂರ್ತಿ ಸಿದ್ಧವಾಗುತ್ತಿರುವಾಗ ಎಲ್ಲಿಂದಲೋ ಬಂದ ಹುಡುಗನೊಬ್ಬ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ಮೈಗೆಲ್ಲ ಗಂಧ ಲೇಪಿಸಿದಾಗ ನಾಭಿಯ ಭಾಗವೊಂದು ಒಣಗದೆ ಉಳಿಯುತ್ತದೆ. ಅಲ್ಲಿ ಉಳಿ ತಾಗಿಸಿದರೆ ನೀರೂ ಕಪ್ಪೆಯೂ ಹೊರಬರುತ್ತವೆ. ಆಡಿದ ಮಾತಿನಂತೆ ಜಕಣಾಚಾರಿ ತನ್ನ ಬಲಗೈಯನ್ನು ಕಳೆದುಕೊಳ್ಳುತ್ತಾನೆ. ಅನಂತರ ಆ ಹುಡುಗ ತನ್ನ ಮಗನೇ ಆದ ಡಂಕಣನೆಂದು ತಿಳಿಯುತ್ತದೆ. ತುಮಕೂರಿನ ಬಳಿಯ ಕೈದಾಳದಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದಾಗ ಕಳೆದ ಕೈ ಮರಳಿ ಬರುತ್ತದೆ.

ಜಕಣಾಚಾರಿಯೆಂಬ ಒಬ್ಬ ವ್ಯಕ್ತಿಯ ಚಾರಿತ್ರಿಕತೆಯನ್ನು ಸಂಶೋಧಕರು ಒಪ್ಪುವುದಿಲ್ಲ. ಬೇಲೂರಿನ ಶಾಸನಗಳಲ್ಲಿ ಕಾಣಿಸುವವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು. ಅದು ಬೇರೆಯ ಚರ್ಚೆ. ಇಲ್ಲಿ ಮುಖ್ಯವಾದುದು ಕಥೆಯಲ್ಲಿ ಪ್ರಶ್ನೆಗಳು ಬರುವ ಅನುಕ್ರಮ. ಹುಡುಗನನ್ನು ಮೊದಲು ಪರೀಕ್ಷಿಸುವುದು ಕಲ್ಲು. ‘ಯಾರ ಮಗ’ ಎಂಬುದು ತಿಳಿಯುವುದು ಕೊನೆಗೆ. ಹುಟ್ಟಿನ ಪರಿಚಯವಿಲ್ಲದೆಯೇ ಅರಿವು ಗೆಲ್ಲುತ್ತದೆ, ಹಿರಿಯನ ಪ್ರತಿಷ್ಠೆ ಸೋಲುತ್ತದೆ. ಆದರೆ ಕಥೆ ಅಲ್ಲಿಗೆ ನಿಲ್ಲಲು ಧೈರ್ಯ ಮಾಡಿಲ್ಲ. ಗೆದ್ದವನು ಹೊರಗಿನವನಾಗಿಯೇ ಉಳಿದಿದ್ದರೆ ಸಮುದಾಯಕ್ಕೆ ಅದನ್ನು ಒಪ್ಪುವುದು ಕಷ್ಟವಾಗುತ್ತಿತ್ತೇನೋ. ಆದ್ದರಿಂದ ಅವನನ್ನು ಮಗನನ್ನಾಗಿ ಮಾಡಿಕೊಂಡಿದೆ. ಅರಿವಿಗೆ ವಂಶ ಬೇಕಿಲ್ಲ ಎಂದೂ, ಅರಿವು ವಂಶದಲ್ಲಿಯೇ ಹರಿಯುತ್ತದೆ ಎಂದೂ ಒಂದೇ ಉಸಿರಿನಲ್ಲಿ ಹೇಳುವ ಈ ಐತಿಹ್ಯವು ಕಸುಬಿನ ಸಮಾಜದ ಇಬ್ಬಂದಿಯನ್ನು ಯಾವ ಸಮೀಕ್ಷೆಗಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ.

ಕಥೆಯಲ್ಲಿ ಕಾಣದ ಇನ್ನೊಬ್ಬನಿದ್ದಾನೆ. ಅವನು ಕಲ್ಲನ್ನು ಬಂಡೆಯಿಂದ ಬಿಡಿಸಿದವನು. ದಕ್ಷಿಣ ಕರ್ನಾಟಕದಲ್ಲಿ ಕಲ್ಲು ಒಡೆಯುವುದು ಪರಂಪರೆಯಿಂದ ಭೋವಿ ಸಮುದಾಯದವರ ಕಸುಬು. ಸಾಲಾಗಿ ಕುಳಿ ಕೊರೆದು, ಬೆಣೆ ಹೊಡೆದು, ಬೇಕಾದ ಅಳತೆಗೆ ಬಂಡೆಯನ್ನು ಸೀಳುವ ವಿದ್ಯೆ ಸುಲಭದ್ದಲ್ಲ. ಯಾವ ಕಡೆಯಿಂದ ಪೆಟ್ಟು ಕೊಟ್ಟರೆ ಕಲ್ಲು ಎಲ್ಲಿ ಬಿಡುತ್ತದೆ ಎಂಬ ತಿಳಿವಳಿಕೆ ಅವರಿಗೆ ತಲೆಮಾರುಗಳಿಂದ ಬಂದದ್ದು. ಹೀಗಿದ್ದರೂ ಒಡೆಯುವ ಕೈಯಿಂದ ಕೆತ್ತುವ ಕೈಗೆ ಸಾಗುವ ದಾರಿಯನ್ನು ಪರಂಪರೆಯು ತೆರೆದಿಡಲಿಲ್ಲ. ಗುಡ್ಡದಲ್ಲಿ ಕಲ್ಲು, ಕೊಟ್ಟಿಗೆಯಲ್ಲಿ ಶಿಲೆ, ಗುಡಿಯಲ್ಲಿ ದೇವರು. ಈ ಮೂರು ಹೆಸರುಗಳ ನಡುವೆ ಎಳೆದ ಗೆರೆಗಳು ಮನುಷ್ಯರ ನಡುವಿನ ಗೆರೆಗಳೂ ಹೌದು.

ಗೆರೆ ಶಿಲ್ಪಿಯ ಹಿಂದೆ ಮಾತ್ರವಲ್ಲ, ಅವನ ಮುಂದೆಯೂ ಇದೆ. ಮೂರ್ತಿ ಮುಗಿಯುವ ಹಂತದಲ್ಲಿ ನೇತ್ರೋನ್ಮೀಲನ, ಎಂದರೆ ಕಣ್ಣು ತೆರೆಸುವ ವಿಧಿ ನಡೆಯುತ್ತದೆ. ಚಿನ್ನದ ಸೂಜಿಯಿಂದ ಕಣ್ಣಿನ ರೇಖೆಯನ್ನು ಮೂಡಿಸುವ ಅಧಿಕಾರ ಶಿಲ್ಪಿಯದು. ಆ ಗಳಿಗೆಯಲ್ಲಿ ಅವನಿಗೆ ಹೊಸ ಬಟ್ಟೆ, ಫಲತಾಂಬೂಲ, ದಕ್ಷಿಣೆಗಳ ಗೌರವ ಸಲ್ಲುತ್ತದೆ. ಮುಂಗಡವಾಗಿ ಗೊತ್ತುಮಾಡಿಕೊಂಡ ಹಣಕ್ಕಿಂತ ಈ ಮರ್ಯಾದೆಯನ್ನು ದೊಡ್ಡದೆಂದು ಎಣಿಸುವ ರೂಢಿಯುಂಟು. ಇದಾದ ಮೇಲೆ ಆಗಮೋಕ್ತ ಪ್ರತಿಷ್ಠಾವಿಧಿಗಳಲ್ಲಿ ಶಿಲ್ಪಿಯ ಸ್ಪರ್ಶದಿಂದ ಉಳಿದ ದೋಷವನ್ನು ಕಳೆಯುವ ಶುದ್ಧಿಕರ್ಮ ಬರುತ್ತದೆ. ಪ್ರಾಣಪ್ರತಿಷ್ಠೆ ಮುಗಿಯಿತೆಂದರೆ ತಾನು ತಿಂಗಳುಗಟ್ಟಲೆ ಮುಟ್ಟಿ ಕೆತ್ತಿದ ಮೂರ್ತಿಯನ್ನು ಶಿಲ್ಪಿ ಮತ್ತೆ ಮುಟ್ಟುವಂತಿಲ್ಲ. ಹೊಸ್ತಿಲಿನ ಹೊರಗೆ ನಿಂತು ಕೈಮುಗಿಯಬೇಕು. ಕಲ್ಲು ಒಡೆಯುವವನನ್ನು ತನ್ನ ಕೊಟ್ಟಿಗೆಯ ಹೊರಗೆ ನಿಲ್ಲಿಸಿದ ತರ್ಕವೇ ಶಿಲ್ಪಿಯನ್ನು ಗರ್ಭಗುಡಿಯ ಹೊರಗೆ ನಿಲ್ಲಿಸಿದೆ.

ಹಿಂದೆ ಇಂತಹ ಕಸುಬುದಾರರ ಸಂಭಾವನೆಯೂ ಧರ್ಮದ ಚೌಕಟ್ಟಿನಲ್ಲಿಯೇ ಇತ್ತು. ಕಮ್ಮಾರ, ಬಡಗಿ ಮೊದಲಾದವರು ಆಯಗಾರರಾಗಿ ಸುಗ್ಗಿಯಲ್ಲಿ ಧಾನ್ಯ ಪಡೆಯುತ್ತಿದ್ದರು. ದೇವಾಲಯದ ಸೇವೆಯವರಿಗೆ ಮಾನ್ಯ, ಉಂಬಳಿ, ಇನಾಮುಗಳ ಭೂಮಿ ಇರುತ್ತಿತ್ತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಸಂಬಳ, ಪಿಂಚಣಿ, ಮಕ್ಕಳಿಗೆ ಕೆಲಸ ಮೂರನ್ನೂ ಒಟ್ಟಿಗೆ ಕೊಡುವ ವ್ಯವಸ್ಥೆ ಅದು. ಸೇವೆ ವಂಶಪಾರಂಪರ್ಯವಾಗಿರಲು ಒಂದು ಕಾರಣವೆಂದರೆ ಭೂಮಿ ವಂಶಪಾರಂಪರ್ಯವಾಗಿದ್ದುದು. 1954 ಮತ್ತು 1955ರ ಮೈಸೂರು ಇನಾಮು ರದ್ದತಿ ಕಾಯ್ದೆಗಳ ಅನಂತರ ಈ ಆಧಾರ ಸಡಿಲವಾಯಿತು. ಭೂಮಿ ಹೋದರೂ ವಂಶದ ಪ್ರಶ್ನೆ ಮಾತ್ರ ಹೋಗಲಿಲ್ಲ. ಉಳಿದ ಇನ್ನೊಂದು ಸೌಲಭ್ಯ ಅಮಾವಾಸ್ಯೆಯ ಬಿಡುವು. ವಿಶ್ವಕರ್ಮರು ಅಂದು ಉಪಕರಣ ಮುಟ್ಟುವುದಿಲ್ಲ. ಗಾರೆ ಕೆಲಸದವರಲ್ಲಿಯೂ ಈ ರೂಢಿ ಹರಡಿದೆ. ಕಾರ್ಮಿಕ ಕಾನೂನು ಹುಟ್ಟುವ ಮೊದಲೇ ದುಡಿಯುವ ಕೈಗೆ ವಿರಾಮವನ್ನು ಖಾತ್ರಿಪಡಿಸಿದ ರಜೆ ಇದು. ದೇವರ ಹೆಸರಿನಲ್ಲಿದ್ದುದರಿಂದ ಯಾವ ಯಜಮಾನನೂ ಇದನ್ನು ಕಿತ್ತುಕೊಳ್ಳಲಾಗಲಿಲ್ಲ.

ಶಿಲ್ಪಿಯ ಮನೆಯ ಹುಡುಗನಿಗೂ ಬಂಡೆ ಒಡೆಯುವವನ ಮನೆಯ ಹುಡುಗನಿಗೂ ಇಂದು ಬೇರೊಂದು ಬಾಗಿಲು ಕಾಣುತ್ತಿದೆ. ಮಾಲೂರು, ನರಸಾಪುರ, ವೇಮಗಲ್‌ಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದಿವೆ. ಅಲ್ಲಿ ಪ್ರವೇಶಕ್ಕೆ ಅರ್ಜಿ, ಪ್ರಮಾಣಪತ್ರ, ಸಂದರ್ಶನಗಳ ಕ್ರಮವಿದೆ. ಆ ಕ್ರಮದಲ್ಲಿ ‘ಯಾರ ಮಗ’ ಎಂಬ ಪ್ರಶ್ನೆ ಇಲ್ಲವೆಂದು ಭಾವಿಸಲಾಗುತ್ತದೆ. ಸಂವಿಧಾನದ 16ನೆಯ ವಿಧಿಯು ಸರ್ಕಾರದ ಉದ್ಯೋಗದಲ್ಲಿ ಧರ್ಮ, ಜಾತಿಗಳ ಜೊತೆಗೆ ವಂಶವನ್ನೂ ಹೆಸರಿಸಿ ತಾರತಮ್ಯವನ್ನು ನಿಷೇಧಿಸಿದೆ. ಧಾರ್ಮಿಕ ಸಂಸ್ಥೆಗಳ ಹುದ್ದೆಗಳಿಗೆ ಮಾತ್ರ ಅದೇ ವಿಧಿಯ 5ನೆಯ ಉಪವಿಧಿ ವಿನಾಯಿತಿ ನೀಡುತ್ತದೆ. ಖಾಸಗಿ ಉದ್ಯೋಗದಾತರನ್ನು ಈ ನಿಷೇಧ ನೇರವಾಗಿ ಕಟ್ಟಿಹಾಕುವುದಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಪತ್ರಿಕಾ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳನ್ನು ಮೇಲ್ಜಾತಿ, ದಲಿತ ಮತ್ತು ಮುಸ್ಲಿಂ ಹೆಸರುಗಳಲ್ಲಿ ಕಳುಹಿಸಲಾಗಿತ್ತು. ದಲಿತ ಹೆಸರುಗಳಿಗೆ ಕಡಿಮೆ ಕರೆ ಬಂದರೆ ಮುಸ್ಲಿಂ ಹೆಸರುಗಳಿಗೆ ಅದಕ್ಕಿಂತಲೂ ಕಡಿಮೆ ಕರೆ ಬಂದವು. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ಅವರು ದೆಹಲಿ ಭಾಗದ ಕಂಪನಿಗಳ ನೇಮಕಾಧಿಕಾರಿಗಳನ್ನು ಮಾತನಾಡಿಸಿ ಬರೆದ ಪ್ರಬಂಧದಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಪ್ರತಿಭೆಯೊಂದೇ ಮುಖ್ಯವೆಂದು ಹೇಳುವ ಆ ಅಧಿಕಾರಿಗಳೇ ಸಂದರ್ಶನದಲ್ಲಿ ‘ಕುಟುಂಬದ ಹಿನ್ನೆಲೆ’ಯನ್ನು ಕೇಳುತ್ತಿದ್ದರು. ಶಿಲ್ಪಿಯ ಜಗಲಿಯಲ್ಲಿ ನೇರವಾಗಿ ಕೇಳುವ ಪ್ರಶ್ನೆಗೆ ಇಲ್ಲಿ ಹೊಸ ಹೆಸರು ಬಂದಿದೆ, ಅಷ್ಟೆ. ಜಗಲಿಯ ಪ್ರಶ್ನೆಗೆ ಕಲಿತ ಕಸುಬಿನೊಡನೆ ಅಲ್ಪಸ್ವಲ್ಪವಾದರೂ ಸಂಬಂಧವಿತ್ತು. ಲೆಕ್ಕ ಬರೆಯುವ ಕೆಲಸಕ್ಕೂ ಯಂತ್ರ ಜೋಡಿಸುವ ಕೆಲಸಕ್ಕೂ ಅಷ್ಟೂ ಇಲ್ಲ.

ಸೌಲಭ್ಯಗಳ ವಿಷಯದಲ್ಲಿಯೂ ಕಾರ್ಖಾನೆ ಧರ್ಮದಿಂದ ಹೊರತಾಗಿಲ್ಲ. ಕರ್ನಾಟಕದ 1963ರ ಕೈಗಾರಿಕಾ ಸಂಸ್ಥೆಗಳ ರಜಾ ಕಾಯ್ದೆಯ ಪ್ರಕಾರ ನೌಕರರಿಗೆ ರಾಷ್ಟ್ರೀಯ ರಜೆಗಳ ಜೊತೆಗೆ ಐದು ಹಬ್ಬದ ರಜೆಗಳು ದೊರೆಯುತ್ತವೆ. ಐದೇ ಹಬ್ಬಗಳನ್ನು ಆರಿಸುವಾಗ ಸಂಖ್ಯೆಯಲ್ಲಿ ಹೆಚ್ಚಿರುವವರ ಹಬ್ಬಗಳು ಮೊದಲು ಪಟ್ಟಿಗೆ ಬರುವುದು ಸಹಜ. 1965ರ ಬೋನಸ್ ಕಾಯ್ದೆ ಬೋನಸನ್ನು ಲಾಭ ಮತ್ತು ಕೂಲಿಯ ಲೆಕ್ಕದಿಂದ ನಿಗದಿಪಡಿಸಿತು. ಜನರ ಬಾಯಲ್ಲಿ ಅದು ‘ಹಬ್ಬದ ಬೋನಸ್’ ಆಯಿತು. ಆಯುಧಪೂಜೆಯಂದು ಯಂತ್ರಗಳಿಗೆ ಕುಂಕುಮವಿಟ್ಟು ಸಿಹಿ ಹಂಚುವುದಂತೂ ಉಳಿ ಸುತ್ತಿಗೆಗಳ ಪೂಜೆ ಕಾರ್ಖಾನೆಗೆ ಬಂದುದರ ಫಲ. ವಾರದ ರಜೆಯಾದ ಭಾನುವಾರದ ಹಿಂದೆ ಒಂದು ಧರ್ಮದ ವಿಶ್ರಾಂತಿ ದಿನವಿದೆ ಎಂಬುದು ಯಾರ ನೆನಪಿನಲ್ಲಿಯೂ ಉಳಿದಿಲ್ಲ. ಅಮಾವಾಸ್ಯೆಗೆ ರಜೆ ಕೇಳುವವನನ್ನೂ ಶುಕ್ರವಾರದ ನಮಾಜಿಗೆ ಬಿಡುವು ಕೇಳುವವನನ್ನೂ ಮಾತ್ರ ವಿಶೇಷ ಸೌಲಭ್ಯ ಕೇಳುವವರಂತೆ ನೋಡಲಾಗುತ್ತದೆ.

ಧರ್ಮ, ಜಾತಿಗಳನ್ನು ಕೇಳುವುದೇ ತಪ್ಪೆಂದು ಇದರಿಂದ ತೀರ್ಮಾನಿಸುವಂತಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿಯು ಸಂಸ್ಥಾನದ ಹುದ್ದೆಗಳಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆಂದು ಕೇಳಿದ್ದು ಬಾಗಿಲನ್ನು ತೆರೆಯುವುದಕ್ಕಾಗಿ. ಕೇಳುವವನ ಉದ್ದೇಶವೇನು, ಉತ್ತರದಿಂದ ಆಗುವುದೇನು ಎಂಬುದರ ಮೇಲೆ ಪ್ರಶ್ನೆಯ ಸ್ವರೂಪ ಬದಲಾಗುತ್ತದೆ.

ಶಿಲ್ಪವಿದ್ಯೆಯಲ್ಲಿ ಬಾಗಿಲು ಸ್ವಲ್ಪವಾದರೂ ತೆರೆದದ್ದು ಶಾಲೆಗಳಿಂದ. 1906ರಲ್ಲಿ ಅಡಿಗಲ್ಲು ಬಿದ್ದ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡದಿಂದ ಹಿಡಿದು ಕಾರ್ಕಳದ ಮಿಯಾರಿನ ಸಿ. ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಕೇಂದ್ರದವರೆಗೆ ಈ ಮಾದರಿ ಬೆಳೆದಿದೆ. ಕಲಿಯುವಷ್ಟು ಕಾಲ ಅನ್ನ ಹಾಕುವವರಾರು ಎಂಬ ಹಳೆಯ ತೊಡಕಿಗೆ ಇಂತಹ ಕೇಂದ್ರಗಳು ಉತ್ತರ ಕೊಟ್ಟವು. ಟಿ. ನರಸೀಪುರದಲ್ಲಿ ಹುಟ್ಟಿದ ಕನಕಾ ಮೂರ್ತಿಯವರು (1942-2021) ಶಿಲ್ಪಿಗಳ ಮನೆತನದಿಂದ ಬಂದವರಲ್ಲ, ಮೇಲಾಗಿ ಹೆಣ್ಣು. ದೇವಲಕುಂದ ವಾದಿರಾಜರು ಅವರನ್ನು ಶಿಷ್ಯೆಯಾಗಿ ಸ್ವೀಕರಿಸಿದರು. ಮುಂದೆ ಅವರಿಗೆ ಸಂದ ಗೌರವಗಳಲ್ಲಿ ಜಕಣಾಚಾರಿ ಪ್ರಶಸ್ತಿಯೂ ಒಂದು. ಹುಡುಗನನ್ನು ಕಡೆಗೆ ಮಗನನ್ನಾಗಿ ಮಾಡಿಕೊಂಡ ಐತಿಹ್ಯದ ಹೆಸರಿನ ಪ್ರಶಸ್ತಿ ಮಗನೂ ಅಲ್ಲದ, ಮನೆತನದವರೂ ಅಲ್ಲದ ಒಬ್ಬರ ಕೈ ಸೇರಿತು. ಪೂಜೆಯ ಅಧಿಕಾರದ ವಿಷಯದಲ್ಲಿಯೇ ಸರ್ವೋಚ್ಚ ನ್ಯಾಯಾಲಯವು 2002ರ ಆದಿತ್ಯನ್ ಪ್ರಕರಣದಲ್ಲಿ ಇದೇ ದಿಕ್ಕಿನ ಮಾತನ್ನು ಹೇಳಿದೆ. ಕೇರಳದ ಶಿವಾಲಯವೊಂದಕ್ಕೆ ಬ್ರಾಹ್ಮಣೇತರರನ್ನು ಅರ್ಚಕರನ್ನಾಗಿ ನೇಮಿಸಿದ್ದನ್ನು ಎತ್ತಿಹಿಡಿದ ಆ ತೀರ್ಪಿನಲ್ಲಿ, ವಿಧಿಯನ್ನು ಕಲಿತು ಅರ್ಹತೆ ಪಡೆದವನಿಗೆ ಜನ್ಮ ಅಡ್ಡಿಯಾಗಬಾರದು ಎಂಬುದು ಮುಖ್ಯವಾಯಿತು. ನೇಮ ಬೇರೆ, ವಂಶ ಬೇರೆ ಎಂಬ ವಿಂಗಡಣೆಗೆ ಇದು ಕಾನೂನಿನ ಬೆಂಬಲ. ಬೀದರಿನ ಬಿದರಿ ಕಲೆಯಲ್ಲಿ ಮುಸ್ಲಿಮರೂ ಹಿಂದೂಗಳೂ ದುಡಿಯುತ್ತಾ ಬಂದಿರುವುದನ್ನು ಇದರೊಡನೆ ಹೋಲಿಸಬಹುದು. ಹೂಜಿ ಪೂಜೆಗೊಳ್ಳುವುದಿಲ್ಲವಾದ್ದರಿಂದ ಅಲ್ಲಿ ಧರ್ಮದ ಪ್ರಶ್ನೆ ಇಷ್ಟು ಬಿಗಿಯಾಗಲಿಲ್ಲ. ಶಿಲ್ಪಿಗಳ ಉಳಿಯಿಂದಲೂ ಈಗ ದೇವರ ಮೂರ್ತಿಯ ಜೊತೆಗೆ ಉದ್ಯಾನದ ಬುದ್ಧ, ಊರ ವೃತ್ತದ ಅಂಬೇಡ್ಕರ್ ಮೂಡುತ್ತಿದ್ದಾರೆ. ಆ ಕೆಲಸಕ್ಕೂ ಮಡಿಯ ನೆಪ ಹೇಳಿ ಹೊರಗಿನವನನ್ನು ದೂರವಿಡುವುದಾದರೆ ಅಲ್ಲಿರುವುದು ಧರ್ಮವಲ್ಲ, ಕೂಲಿಯ ಪೈಪೋಟಿ.

ಇನ್ನು ಸರ್ಕಾರದ ನೆರವು. ರಾಜ್ಯದಲ್ಲಿ ವಿಶ್ವಕರ್ಮ ಸಮುದಾಯಗಳಿಗೊಂದು, ಭೋವಿ ಸಮುದಾಯಕ್ಕೊಂದು ಅಭಿವೃದ್ಧಿ ನಿಗಮಗಳಿವೆ. ಒಂದೇ ಕಲ್ಲಿನ ಮೇಲೆ ದುಡಿಯುವ ಎರಡು ಕೈಗಳು ಸಾಲಕ್ಕಾಗಿ ಎರಡು ಕಚೇರಿಗಳಿಗೆ ಹೋಗುತ್ತವೆ. ಎರಡೂ ಸಮುದಾಯಕ್ಕೆ ಸೇರದೆ ಕಸುಬು ಕಲಿತವನಿಗೆ ಈ ಎರಡೂ ಕಚೇರಿಗಳಿಲ್ಲ. 2023ರ ಸೆಪ್ಟೆಂಬರ್ 17ರಂದು, ವಿಶ್ವಕರ್ಮ ಜಯಂತಿಯ ದಿನ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆ ಬೇರೊಂದು ಕ್ರಮವನ್ನು ಅನುಸರಿಸಿತು. ಹೆಸರು ಪುರಾಣದ್ದಾದರೂ ಅದು ಆಧರಿಸಿದ್ದು ಜಾತಿ, ಧರ್ಮಗಳನ್ನಲ್ಲ, ಹದಿನೆಂಟು ವೃತ್ತಿಗಳನ್ನು. ತರಬೇತಿಯ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿಯವರೆಗೆ ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅನಂತರ 2 ಲಕ್ಷ ರೂಪಾಯಿಗಳವರೆಗೆ ಸಾಲ ಅದರಲ್ಲಿ ಸೇರಿವೆ. ವೃತ್ತಿಗಳ ಪಟ್ಟಿಯಲ್ಲಿ ‘ಶಿಲ್ಪಿ, ಮೂರ್ತಿಕಾರ, ಕಲ್ಲು ಕೆತ್ತುವವ, ಕಲ್ಲು ಒಡೆಯುವವ’ ಎಲ್ಲರೂ ಒಂದೇ ಸಾಲಿನಲ್ಲಿದ್ದಾರೆ. ಪರಂಪರೆಯು ಗುಡ್ಡದಲ್ಲಿ ಒಬ್ಬನನ್ನೂ ಕೊಟ್ಟಿಗೆಯಲ್ಲಿ ಒಬ್ಬನನ್ನೂ ನಿಲ್ಲಿಸಿತ್ತು. ಅರ್ಜಿಯ ನಮೂನೆ ಇಬ್ಬರನ್ನೂ ಒಂದು ಮನೆಯಲ್ಲಿ ಬರೆಯಿತು. ಇಬ್ಬರ ಶ್ವಾಸಕೋಶಕ್ಕೂ ಇಳಿಯುವ ಕಲ್ಲುಧೂಳನ್ನು ನೆನೆದರೆ ಈ ಜೋಡಣೆ ತಡವಾಗಿಯೇ ಬಂದಿತೆನ್ನಬೇಕು. ಯಂತ್ರದ ಗರಗಸ ಬಂದ ಮೇಲೆ ಧೂಳು ಹೆಚ್ಚಿದೆ. ಸಿಲಿಕೋಸಿಸ್ ಕಾನೂನು ಒಪ್ಪಿದ ವೃತ್ತಿರೋಗ. ಆದರೆ 1948ರ ಕಾಯ್ದೆಯಿಂದ ಆರಂಭವಾದ ಕಾರ್ಮಿಕ ರಾಜ್ಯ ವಿಮೆಯ ರಕ್ಷಣೆ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿಗೆ ಮಾತ್ರ ತಲಪುತ್ತದೆ. ಮೂರು ನಾಲ್ಕು ಜನರ ಶಿಲ್ಪದ ಕೊಟ್ಟಿಗೆ ಅದರ ಹೊರಗೆ ಉಳಿಯುತ್ತದೆ.

ಯೋಜನೆಯ ನಿಯಮದಲ್ಲಿಯೇ ಎರಡು ಪದಗಳು ತೊಡಕಿನವು. ಫಲಾನುಭವಿಯು ‘ಕುಟುಂಬಾಧಾರಿತ ಸಾಂಪ್ರದಾಯಿಕ ವೃತ್ತಿ’ಯಲ್ಲಿ ‘ಸ್ವಯಂ ಉದ್ಯೋಗಿ’ಯಾಗಿರಬೇಕು. ಮೊದಲ ಪದ ವೃತ್ತಿಯ ಲಕ್ಷಣವನ್ನು ಹೇಳುತ್ತದೆಯೋ, ಅರ್ಜಿದಾರನ ಹುಟ್ಟನ್ನು ಕೇಳುತ್ತದೆಯೋ ಎಂಬುದು ಓದುವವನನ್ನು ಅವಲಂಬಿಸಿದೆ. ಎರಡನೆಯ ಪದದಿಂದಾಗಿ, ಮತ್ತೊಬ್ಬರ ಕೊಟ್ಟಿಗೆಯಲ್ಲಿ ದಿನಗೂಲಿಗೆ ಕೆತ್ತುವವನ ಸ್ಥಾನ ಸಂದೇಹಕ್ಕೊಳಗಾಗುತ್ತದೆ. ಹೊರಗಿನಿಂದ ಬಂದು ಕಲಿತವನು ಬಹುಮಟ್ಟಿಗೆ ಅಂತಹ ದಿನಗೂಲಿಯವನೇ ಆಗಿರುತ್ತಾನೆ. ಅರ್ಜಿಯ ಮೊದಲ ಹಂತದ ಪರಿಶೀಲನೆ ನಡೆಯುವುದು ಗ್ರಾಮ ಪಂಚಾಯಿತಿಯಲ್ಲಿ. ಎಲ್ಲರಿಗೂ ಎಲ್ಲರ ತಂದೆಯ ಹೆಸರು ಗೊತ್ತಿರುವ ಆ ಕಚೇರಿಯಲ್ಲಿ ಅರ್ಜಿದಾರನು ಶಿಲ್ಪಿ ಹೌದೋ ಅಲ್ಲವೋ ಎಂಬುದನ್ನು ಮೊದಲು ಹೇಳಬೇಕಾದವರು ಅವನ ಊರಿನವರೇ.